ರಸ್ತೆಯಾಚೆಯ ಓಟು

ಎಪ್ಪತ್ತೆಂಟರ ಚುನಾವಣೆಯ ದಿನ ಪುಟ್ಟಣ್ಣನವರು ಯಶವಂತಪುರದ ಶಾಲೆಯೊಂದರ ಮುಂದೆ ಸಾಲಿನಲ್ಲಿ ನಿಂತಿದ್ದರು. ಶಾಲೆಯ ಮುಂದಿನ ರಸ್ತೆಯ ಎರಡೂ ಬದಿಯವರು ಒಂದೇ ಪೆಟ್ಟಿಗೆಗೆ ಓಟು ಹಾಕುತ್ತಿದ್ದ ಕಾಲ ಅವರಿಗೆ ನೆನಪಿತ್ತು. ಈ ಸಲ ಕ್ಷೇತ್ರದ ಹೊಸ ಗಡಿ ಆ ರಸ್ತೆಯ ಮೇಲೇ ಹಾದುಹೋಗಿತ್ತು. ಅವರ ಮುಂದಿದ್ದ ಫ್ಯಾಕ್ಟರಿ ಕೆಲಸಗಾರ, ಓಟಿನ ಚೀಟಿ ಬರೆಸಲು ಹೋಗಿ ಬಂದ ಹೆಂಡತಿಯನ್ನು ಕೇಳಿದ.

"ಚೀಟಿ ಎಲ್ಲಿ?"

"ನನ್ನ ಹೆಸರು ಇಲ್ಲಿಲ್ಲಂತ್ರೀ. ರಸ್ತೆ ಆಚಿ ಕ್ಷೇತ್ರದಾಗ ಐತಂತ."

"ಒಂದ ಮನ್ಯಾಗಿರೋರು ಎರಡು ಕ್ಷೇತ್ರ ಹೆಂಗಾಗ್ತೀವಿ?"

"ಪಟ್ಟಿ ಬರಿಯಾಕ ಬಂದವ ಗಂಡನ ಹೆಸರು ಕೇಳಿದ. ಕಟ್ಟಿಕೊಂಡವನ ಹೆಸರು ನಾ ಹೆಂಗ ಹೇಳ್ಲಿ? ರಸ್ತೆ ಆಚಿ ಮನಿ ಚನ್ನಕ್ಕನ ಹತ್ರ ಕರ್ಕೊಂಡು ಹೋಗಿ ಆಕಿ ಕಡಿಂದ ಹೇಳಿಸ್ದೆ. ಆ ಮನಿ ನಂಬರಿಗೇ ನನ್ನ ಬರ್ಕೊಂಡಾನ."

"ಶಾಣ್ಯಾಕಿ. ಗೆರಿ ಎಳಿಯಾಕ ಸರಕಾರಕ್ಕ ವರ್ಷಗಟ್ಲೆ ಬೇಕಾತು, ನೀ ಒಂದ ಮಧ್ಯಾಹ್ನದಾಗ ದಾಟಿದಿ."

"ನೀವೂ ಬರ್ರಿ. ಅಲ್ಲೂ ಗಂಡನ ಹೆಸರು ಕೇಳ್ತಾರ."

"ಸಾಲು ಬಿಟ್ರ ನನ್ನ ಓಟು ಹೋಗ್ತೈತಿ. ಎರಡಕ್ಕ ಡ್ಯೂಟಿ ಐತಿ. ಚನ್ನಕ್ಕನ್ನ ಕರ್ಕೊಂಡು ಹೋಗು."

"ಆಕಿ ಊರಿಗೆ ಹೋಗ್ಯಾಳ."

"ಹಂಗಾರ ಮನಿಗೆ ಹೋಗು. ಒಂದು ಓಟಿನಿಂದ ಏನಾಗ್ತೈತಿ?"

"ಹಂಗಾರ ನೀವ್ಯಾಕ ನಿಂತೀರಿ?"

ಆಕೆ ನಿಂತಲ್ಲಿ ನಿಲ್ಲಲಾರದೆ ರಸ್ತೆ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಅಂದಳು.

"ಗುರುಪಾದಪ್ಪ."

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಪುಟ್ಟಣ್ಣನವರು ಕೇಳಿಸದವರಂತೆ ಶಾಲೆಯ ಹೆಂಚು ನೋಡಿದರು. ಗಂಡನ ಕಿವಿ ಕೆಂಪಾಯಿತು.

"ಇಲ್ಲ್ಯಾಕ ಹೇಳ್ತಿ? ಅಲ್ಲಿ ಹೋಗಿ ಹೇಳು."

"ಬಾಯಿಗೆ ಬರ್ತೈತೋ ಇಲ್ಲೋ ನೋಡಿದೆ."

ಲಾರಿಯೊಂದು ಹಾದುಹೋಗುವ ತನಕ ಕಾದು, ಆಕೆ ರಸ್ತೆ ದಾಟಿದಳು.