ಬಲಬಾಜೂ

ಯಲಬುರ್ಗಾದ ದವಾಖಾನೆಯ ಪಡಸಾಲೆಯಲ್ಲಿ ಮಾರೆವ್ವ ಮುಖ ಗಂಟಿಕ್ಕಿ ಕುಳಿತಿದ್ದಳು. ಪಕ್ಕದಲ್ಲಿ ಗಂಡ ದುರುಗಪ್ಪ ಊದಿದ ಕಾಲು ಚಾಚಿ ತೂಕಡಿಸುತ್ತಿದ್ದ. ನಿನ್ನೆ ಕುಷ್ಟಗಿ ದಾರಿಯಲ್ಲಿ ಎತ್ತು ಬೆದರಿ ಅವನ ಬಂಡಿ ಮಗುಚಿತ್ತು. ಸೈಕಲ್ಲೊಂದು ತಪ್ಪು ಬದಿಯಿಂದ ಎದುರಿಗೇ ಬಂತೆಂದು ಅವನು ಆಣೆ ಮಾಡಿ ಹೇಳಿದರೂ, ಸೇಂದಿ ಕುಡಿದವನ ಮಾತೆಂದು ಅವಳು ಅವನಿಗೆ ರೊಟ್ಟಿಯನ್ನೇ ಬಡಿದಿರಲಿಲ್ಲ.

ಕಂಬದಾಚೆ ಇಬ್ಬರು ಮಾತಾಡುತ್ತಿದ್ದರು. ಕಿರಿಯವನ ಮೊಣಕೈಗೆ ಬಟ್ಟೆ ಸುತ್ತಿತ್ತು.

“ಸೈಕಲ್ ಮ್ಯಾಲ ಇರಾನ ತಿರಗಾಕ ಹೊಂಟಾಂವ ಇಲ್ಲೇ ಬಿದ್ದೇನೋ, ಕೊಟ್ರಬಸ್ಯಾ?”

“ಬಂಡಿ ಅಡ್ಡ ಬಂತ್ರಿ, ಕಾಕಾ.”

“ಬಂಡಿ ತನ್ನ ಬಾಜೂಕ ಬಂದಿರ್ತೈತಿ.”

“ಹೌದ್ರಿ. ನಾನ ಬಲಬಾಜೂ ಹೊಂಟಿದ್ದೆ.”

“ಯಾಕೋ?”

“ಇರಾನದಾಗ ಎಲ್ಲಾರೂ ಬಲಕ್ಕ ಹೊಡೀತಾರಂತ್ರಿ. ಹಡಗ ಹತ್ತೂದ್ರಾಗ ರೂಢಿ ಆಗಬೇಕಲ್ರಿ.”

“ನಾ ಇರಾನದಾಗ ಅದೀನಿ ಅಂತ ಎತ್ತಿಗೆ ಹೇಳಿದ್ದೇನು?”

ಕಿರಿಯವನು ಮೊಣಕೈಯ ಬಟ್ಟೆ ಬಿಗಿದುಕೊಂಡ.

“ಬಂಡಿಯವಗ ಏನಾತು?”

“ನೋಡ್ಲಿಲ್ರಿ. ಅಂಜಿ ಓಡಿಬಂದೆ.”

ಕಂಪೌಂಡರ ಕರೆದ. ಇಬ್ಬರೂ ಎದ್ದು ಒಳಗೆ ಹೋದರು.

ಮಾರೆವ್ವ ತನಗಷ್ಟೇ ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಗಂಟು ಬಿಚ್ಚಿದಳು. ಗಂಡನ ಭುಜ ಅಲುಗಿಸಿ, “ಏಳ್ರಿ, ಉಣ್ರಿ,” ಎಂದಳು.