ಎಡಗಡೆಯ ಮುಂದಿನ ಚಕ್ರದ ಗಾಳಿ ಕುರಿತು

ನಾನು, ಎಲ್ಲರ ಬಾಯಲ್ಲೂ ಗಾಳಿಯಣ್ಣ, ವಯಸ್ಸು 61 ವರ್ಷ, ಕಸುಬು ಕಾರಿನ ಟೈರು ದುರಸ್ತಿ, ವಾಸ ಬಸ್ ಡಿಪೋ ಎದುರಿನ ನನ್ನ ಅಂಗಡಿಯ ಹಿಂದಿನ ಕೋಣೆ, ಯಾರೂ ಕರೆಯದಿದ್ದರೂ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಮಕ್ಕಳಿಲ್ಲ. ಪಕ್ಕದ ಬ್ಯಾಟರಿ ಅಂಗಡಿಯ ಭಾಮೈದ ಬಿಟ್ಟರೆ ನನ್ನವರು ಎನ್ನುವವರಿಲ್ಲ. ಅವನಿಗೂ ಮಾತಿಗಿಂತ ಮೊಬೈಲೇ ಹೆಚ್ಚು. ಗಿರಾಕಿಗಳು ಕಾರಿನಿಂದ ಇಳಿಯುವುದಿಲ್ಲ. ಗಾಜು ನಾಲ್ಕು ಬೆರಳಷ್ಟು ಇಳಿಸಿ ಗಾಳಿ ಎನ್ನುತ್ತಾರೆ, ಅಷ್ಟೇ. ಗ್ರಂಥಾಲಯದ ಕೆಲಸದಿಂದ ನಿವೃತ್ತರಾದ ಮೇಡಂ ಒಬ್ಬರು ಮಾತ್ರ ಇಳಿದು, ಅಂಗಡಿಯ ಮುರುಕು ಕುರ್ಚಿಯಲ್ಲಿ ಕೂತು, ಊಟವಾಯಿತೇ ಎಂದು ವಿಚಾರಿಸುತ್ತಿದ್ದರು.

ಅವರ ಟೈರುಗಳಿಗೆ ತಿಂಗಳಿಗೊಮ್ಮೆ ಗಾಳಿ ನೋಡಿದರೆ ಸಾಕು. ನನಗೆ ಒಂದು ತಿಂಗಳು ಬಹಳ ದಿನ. ಆದ್ದರಿಂದ ಕಳೆದ ಎಂಟು ತಿಂಗಳಿಂದ ನಾಲ್ಕೂ ಚಕ್ರಕ್ಕೆ 33 ಪೌಂಡ್ ಗಾಳಿ ತುಂಬಿ, ಎಡಗಡೆಯ ಮುಂದಿನ ಚಕ್ರದ ವಾಲ್ವಿಗೆ ಮುಚ್ಚಳ ಹಾಕುವ ಮುನ್ನ ಹೆಬ್ಬೆರಳ ಉಗುರಿನಿಂದ ಪಿನ್ನು ಒತ್ತಿ 27ಕ್ಕೆ ಇಳಿಸುತ್ತಿದ್ದೆ. ಕಾರು ಎಡಕ್ಕೆ ಎಳೆದರೆ ತಡಮಾಡದೆ ಬನ್ನಿ ಎಂದು ನಾನೇ ಹೇಳಿಕೊಟ್ಟಿದ್ದೆ. ವಾರ ಹತ್ತು ದಿನಕ್ಕೆ ಬರುತ್ತಿದ್ದರು. ಊರೊಳಗೇ ಮೂರು ನಾಲ್ಕು ಕಿ.ಮೀ. ಓಡಿಸುವವರು, ಏನೂ ಆಗದು ಎಂದುಕೊಂಡಿದ್ದೆ. ಗಾಳಿ ಕಡಿಮೆಯಾದ ಟೈರು ದೂರ ಓಡಿದರೆ ಕಾದು ಪಕ್ಕೆ ಸೀಳುತ್ತದೆ ಎಂದು ಮೂವತ್ತೈದು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳಿದವನು ನಾನೇ.

ಮೊನ್ನೆ ಗುರುವಾರ ಬೆಳಿಗ್ಗೆ 10.20ಕ್ಕೆ ಬಂದರು. ಹಿಂದಿನ ಸೀಟಿನಲ್ಲಿ ಎರಡು ಸೂಟ್‌ಕೇಸ್ ಇದ್ದವು. ಎಲ್ಲಿಗೆಂದು ನಾನು ಕೇಳಲಿಲ್ಲ. ಅಂದು ಮಾತಿನ ಗುಂಗಿನಲ್ಲಿ ಪಿನ್ನನ್ನು ಹೆಚ್ಚು ಹೊತ್ತು ಒತ್ತಿದೆ. ಗೇಜು 21 ತೋರಿಸಿತು. 10.45ಕ್ಕೆ ಎಂಜಿನ್ ಶುರುಮಾಡಿದ ಮೇಲೆ, ತಂಗಿಯ ಮನೆಗೆ 140 ಕಿ.ಮೀ. ಹೋಗುತ್ತಿರುವುದಾಗಿ ತಿಳಿಸಿದರು. ಗಾಳಿಯ ಪೈಪು ನನ್ನ ಕೈಯಲ್ಲೇ ಇತ್ತು. ಚಕ್ರ ಎರಡು ಅಡಿ ದೂರದಲ್ಲಿತ್ತು. ಮುಚ್ಚಳ ಮತ್ತೆ ಬಿಚ್ಚಿದರೆ ಏಕೆಂದು ಕೇಳುತ್ತಾರೆ ಎಂದು ನಾಚಿಕೆಯಾಯಿತು. ನಿಧಾನವಾಗಿ ಹೋಗಿ ಎಂದಷ್ಟೇ ಹೇಳಿದೆ. 12.10ಕ್ಕೆ, ಅಂಗಡಿಯಿಂದ 78 ಕಿ.ಮೀ. ದೂರದಲ್ಲಿ, ಅದೇ ಟೈರು ಸಿಡಿದು ಕಾರು ಸೇತುವೆಯ ಗೋಡೆಗೆ ಬಡಿಯಿತು. ಅವರ ಸೊಂಟದ ಮೂಳೆ ಮುರಿದಿದೆ.

ನಿನ್ನೆ ಸಂಜೆ 4 ಗಂಟೆಗೆ ಆಸ್ಪತ್ರೆಗೆ ಹೋದೆ. ರಸ್ತೆಯ ಚೂಪುಗಲ್ಲು ತಾಗಿರಬೇಕು ಎಂದು ಪೊಲೀಸರಿಗೆ ಬರೆಸಿರುವುದಾಗಿ ಮೇಡಂ ಹೇಳಿದರು. ನನ್ನ ಕೈ ಹಿಡಿದು, "ನಿಮ್ಮ ಕಡೆ ಯಾರೂ ಬೊಟ್ಟು ಮಾಡದ ಹಾಗೆ ಹೇಳಿದೀನಿ. ನೀವು ನೋಡಿದ ಚಕ್ರ ಅಂದ್ಮೇಲೆ ಮುಗೀತು, ಅದ್ರಲ್ಲಿ ತಪ್ಪಿರಲ್ಲ" ಎಂದರು. ನಿಜ ಹೇಳದೆ ಎದ್ದು ಬಂದೆ. 5.30ಕ್ಕೆ ಅಂಗಡಿಗೆ ಬಂದು ಭಾಮೈದನಿಗೆ ಎಲ್ಲವನ್ನೂ ಹೇಳಿದೆ. ಅವನು, "ಯಾರೂ ಕೇಳದೇ ಇರೋವಾಗ ಕುಂಬಳಕಾಯಿ ಕಳ್ಳನ ಥರ ಹೆಗಲು ಮುಟ್ಟಿ ನೋಡ್ಕೋಬೇಡ ಭಾವ" ಎಂದ.

ತಪ್ಪು ಕಲ್ಲಿನದಲ್ಲ, ನನ್ನದು. ಮೇಡಂ ಬರೆಸಿದ್ದನ್ನು ತಿದ್ದಿಸಬೇಕು. ಇದನ್ನು ಅವರಿಗೆ ಓದಿ ಹೇಳುವಾಗ ನಾನು ಎದುರಿಗಿರಲು ಅನುಮತಿ ಕೊಡಬೇಕೆಂದು ಕೋರುತ್ತೇನೆ. ಅವರು ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ. ಅದಾದ ಮೇಲೆ ಅವರು ನನ್ನೊಂದಿಗೆ ಮಾತಾಡುವುದಿಲ್ಲ ಎಂಬುದು ಗೊತ್ತಿದೆ.

ಬರೆದುಕೊಂಡದ್ದನ್ನು ಓದಿ ಕೇಳಿಸಿದರು. ನಡೆದದ್ದೂ ಇದೇ, ನಾನು ಹೇಳಿದ್ದೂ ಇದೇ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಶನಿವಾರ, ಬೆಳಿಗ್ಗೆ 9.30
ಸಹಿ: ಗಾಳಿಯಣ್ಣ, ಟೈರು ಅಂಗಡಿ