ವಾರಗಿತ್ತಿ ಸೌಟು ಹಿಡಿದ ದಿನ

ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ದೇವರನ್ನು ನೆನೆಯುತ್ತ ಕೂತಿದ್ದೆ. ಪಕ್ಕದಲ್ಲಿ ತಾಯಿ, ಮಗಳು. ಮಗಳ ಕತ್ತು, ತೋಳಿನ ತುಂಬ ಪಿತ್ತದ ಗಂಧೆ ಎದ್ದಿತ್ತು.

"ಕೆರೀಬೇಡ ಕಣೇ. ನಿನ್ನೆ ಅಡುಗೆ ಯಾರದು?"

"ಅಕ್ಕನದು. ಒಂದಿನ ಅವರು, ಒಂದಿನ ನಾನು. ಗೊತ್ತಲ್ಲ?"

"ಗೊತ್ತು, ಅದಕ್ಕೇ ಕೇಳಿದ್ದು. ನಿನ್ನ ಅಡುಗೆ ದಿನ ಮೈ ಕನ್ನಡಿ ಹಾಗಿರುತ್ತೆ. ಆ ನಿನ್ನ ವಾರಗಿತ್ತಿ ಸೌಟು ಹಿಡಿದ ದಿನವೇ ಗಂಧೆ."

"ಅದೇ ಅಡುಗೆ ಎಲ್ಲರೂ ಉಣ್ತಾರಲ್ಲಮ್ಮ."

"ನಿನಗೆ ಬಡಿಸೋವಾಗ ಏನು ಬೆರೆಸ್ತಾಳೋ, ಕಂಡೋರ್ಯಾರು? ಗಂಡನಿಗೆ ಹೇಳು, ಬೇರೆ ಒಲೆ ಹೂಡಲಿ."

"ಸುಮ್ನಿರು. ಅವರು ಮಗು ನೋಡ್ಕೊಳ್ಳದಿದ್ರೆ ನಾನು ಹೊಲಿಗೆ ಮಷಿನ್ ಮುಟ್ಟೋಕಾಗುತ್ತಾ?"

"ಹೊಲಿಗೆಯೂ ಆ ದಿನವೇನಾ?"

"ಮತ್ತೆ? ಅಡುಗೆ ಇಲ್ಲದ ದಿನ ತಾನೆ ಬಿಡುವು. ಬೆಳಗಿಂದ ಕೂತು ಬೆನ್ನು ಸೆಟೆದುಹೋಗುತ್ತೆ. ಮಾತ್ರೆ ನುಂಗಿಯೇ ಊಟಕ್ಕೆ ಏಳೋದು."

ಕೆರೆಯುತ್ತಿದ್ದ ಕೈ ಅಲ್ಲೇ ನಿಂತಿತು.

"ಅಮ್ಮಾ, ಆ ನೋವಿನ ಮಾತ್ರೆ ನೀನು ತಂದುಕೊಟ್ಟಿದ್ದಲ್ವಾ?"

"ಅಯ್ಯೋ, ನಾನೂ ಅದನ್ನೇ ನುಂಗ್ತೀನಿ! ನನಗೇನಾಗಿದೆ?"

"ಅಕ್ಕನ ಅಡುಗೆ ಉಂಡ ಉಳಿದವರಿಗೆ ಏನಾಗಿದೆ?"

ತಾಯಿ ಚೀಲವನ್ನು ಮಡಿಲಿಗೆಳೆದುಕೊಂಡು ದನಿ ತಗ್ಗಿಸಿದಳು.

"ಒಳಗೆ ಮಾತ್ರೆ ವಿಷಯ ಎತ್ತಬೇಡ. ಊಟದ್ದಷ್ಟೇ ಹೇಳು."

"ಯಾಕೆ?"

"ಬೆಳಿಗ್ಗೆಯೇ ನಿಮ್ಮತ್ತೆಗೆ ಫೋನ್ ಮಾಡಿ, ಇದೆಲ್ಲ ಅವಳದೇ ಕೆಲಸ ಅಂದುಬಿಟ್ಟಿದ್ದೀನಿ ಕಣೇ."

ನರ್ಸ್ ಕರೆದಳು. ಮಗಳು ಎದ್ದಳು.

"ಡಾಕ್ಟರಿಗೆ ಎಲ್ಲಾ ನಾನು ಹೇಳ್ಕೋತೀನಿ. ನೀನು ಅತ್ತೆಗೆ ಇನ್ನೊಂದು ಫೋನ್ ಮಾಡು."

"ಏನಂತ ಮಾಡ್ಲಿ?"

"ಬೆಳಿಗ್ಗೆ ಬಾಯಿಗೆ ಬಂತಲ್ಲ, ಈಗಲೂ ಬರುತ್ತೆ."

ಬಾಗಿಲು ಮುಚ್ಚಿತು. ತಾಯಿ ಫೋನಿನ ಗಾಜನ್ನು ಒರೆಸುತ್ತ, ಒರೆಸುತ್ತ, ಹೊರಗೆ ನಡೆದಳು.